ಕಾಳಿನ ಚೀಲ ಉಬ್ಬಿದ ಕೋಳಿಯನ್ನು ತಲೆಕೆಳಗಾಗಿ ಹಿಡಿಯಲು ಯಾರಿಗೂ ಬಿಡಬೇಡಿ

ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಎರಡು ವಿಷಯಗಳಲ್ಲಿ ಎಚ್ಚರಿಕೆ ಹೇಳಬೇಕಾಗಿದೆ. ಹಿಕ್ಕೆ ತೆಳ್ಳಗಾಗಿದೆ ಎಂಬ ಒಂದೇ ಮಾತನ್ನು ಕೇಳಿ, ಕೋಳಿಯನ್ನು ಮುಟ್ಟಿಯೂ ನೋಡದೆ ಯಾರಾದರೂ ಆಂಟಿಬಯೋಟಿಕ್ ಪುಡಿ ಕೊಟ್ಟರೆ ಅದನ್ನು ನೀರಿಗೆ ಬೆರೆಸಬೇಡಿ. ಕತ್ತಿನ ಬುಡದಲ್ಲಿರುವ ಕಾಳಿನ ಚೀಲ, ಅಂದರೆ ತಿಂದದ್ದು ಮೊದಲು ಸೇರುವ ಚೀಲ, ಉಬ್ಬಿರುವ ಕೋಳಿಯ ಕಾಲು ಹಿಡಿದೆತ್ತಿ, ಒಳಗಿರುವುದನ್ನು ಕೊಕ್ಕಿನಿಂದ ಹೊರಗೆ ಹಿಂಡಲು ಎಂತಹ ಅನುಭವಸ್ಥರು ಮುಂದಾದರೂ ಒಪ್ಪಬೇಡಿ. ಈ ಎರಡೂ ಒಂದರ ಹಿಂದೊಂದು ನಡೆದು ನಮ್ಮ ಮನೆಯ ಹೇಂಟೆಯೊಂದು ಸತ್ತಿತು. ಶವಪರೀಕ್ಷೆ ಮಾಡಿದ ಪಶುವೈದ್ಯರು ತಿಳಿಸಿದ ಕಾರಣಗಳು ಇತರರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಕಂಡದ್ದು ತೀರಾ ಸಾಮಾನ್ಯ ಲಕ್ಷಣಗಳು. ಹೇಂಟೆ ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು ಒಂದು ಮೂಲೆಯಲ್ಲಿ ನಿಲ್ಲುತ್ತಿತ್ತು. ಕಾಳು ಹಾಕಿದಾಗ ಬಂದು ಕೊಕ್ಕು ತಾಗಿಸಿದರೂ ನುಂಗುತ್ತಿರಲಿಲ್ಲ. ಹಿಕ್ಕೆ ತೆಳ್ಳಗೆ, ಹಸಿರು ಬಣ್ಣದಲ್ಲಿತ್ತು. ಜಾನುವಾರು ಔಷಧಿ ಮಾರುವವರೊಬ್ಬರು ಈ ಕೊನೆಯ ಲಕ್ಷಣವನ್ನಷ್ಟೇ ಕೇಳಿಕೊಂಡು, ಇದು ಭೇದಿ ಎಂದು ಹೇಳಿ, ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿಯೊಂದನ್ನು ಕಟ್ಟಿಕೊಟ್ಟು, ಎಲ್ಲ ಕೋಳಿಗಳೂ ಕುಡಿಯುವ ನೀರಿಗೆ ಬೆರೆಸುವಂತೆ ಸೂಚಿಸಿದರು. ಮುಂಜಾನೆ ಕಾಳಿನ ಚೀಲ ಖಾಲಿಯಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಆ ಒಂದು ಪ್ರಶ್ನೆಯಿಂದ ಚಿಕಿತ್ಸೆಯ ದಿಕ್ಕೇ ಬದಲಾಗುತ್ತಿತ್ತು.

ವೈದ್ಯರು ಕ್ರಾಪ್ ಎಂದು ಕರೆಯುವ ಈ ಚೀಲ ಕತ್ತಿನ ಬುಡದಲ್ಲಿ, ಎದೆಯ ಬಲಭಾಗಕ್ಕೆ, ಚರ್ಮದ ಕೆಳಗೇ ಇರುತ್ತದೆ. ತಿಂದ ಆಹಾರ ಇಲ್ಲಿ ನೆನೆದು, ಸ್ವಲ್ಪ ಸ್ವಲ್ಪವಾಗಿ ಜಠರಕ್ಕೂ, ಅಲ್ಲಿಂದ ಕಾಳನ್ನು ಅರೆಯುವ ಗಿಜಾರ್ಡಿಗೂ ಇಳಿಯುತ್ತದೆ. ಆರೋಗ್ಯವಂತ ಕೋಳಿಯಲ್ಲಿ ಸಂಜೆ ತುಂಬಿರುವ ಚೀಲ ಬೆಳಗಾಗುವಷ್ಟರಲ್ಲಿ ಬರಿದಾಗಿರಬೇಕು. ಆದ್ದರಿಂದ ಪರೀಕ್ಷೆಗೆ ಸರಿಯಾದ ಸಮಯವೆಂದರೆ ಗೂಡಿನ ಬಾಗಿಲು ತೆರೆದ ಕೂಡಲೇ, ಕಾಳು ನೀರು ಕೊಡುವ ಮೊದಲು. ಆಗಲೂ ಚೀಲ ತುಂಬಿದ್ದು, ಒತ್ತಿದರೆ ಗಟ್ಟಿಯಾಗಿಯೋ ನಾದಿದ ಹಿಟ್ಟಿನಂತೆಯೋ ಇದ್ದರೆ ಉದ್ದನೆಯ ಹುಲ್ಲು, ನಾರು, ದಾರ ಮುಂತಾದವು ಸಿಕ್ಕಿಕೊಂಡಿವೆ ಎಂದು ಅನುಮಾನಿಸಬೇಕು. ಒಳಗೆ ನೀರು ತುಂಬಿದಂತೆ ಮೆತ್ತಗಿದ್ದು, ಕೊಕ್ಕಿನಿಂದ ಹುಳಿ ವಾಸನೆ ಬರುತ್ತಿದ್ದರೆ ಚೀಲದಲ್ಲಿರುವುದು ಹುಳಿತು ಶಿಲೀಂಧ್ರ ಬೆಳೆದಿರುವ ಸಾಧ್ಯತೆ ಹೆಚ್ಚು. ಎರಡನೆಯದು ಅನೇಕ ವೇಳೆ ಮೊದಲನೆಯದರ ಪರಿಣಾಮವೇ ಆಗಿರುತ್ತದೆ: ಮುಂದಿನ ದಾರಿ ಕಟ್ಟಿಕೊಂಡಾಗ ಹಿಂದೆ ನಿಂತದ್ದು ಕೊಳೆಯುತ್ತದೆ.

ಹಿಕ್ಕೆಯನ್ನು ನೋಡಿ ರೋಗ ನಿರ್ಧರಿಸುವವರು ಇನ್ನೂ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಹಿಕ್ಕೆಯ ಮೇಲಿನ ಬಿಳಿ ಭಾಗ ಯೂರಿಕ್ ಆಮ್ಲ. ಅದು ಮೂತ್ರಕ್ಕೆ ಸಮಾನವಾದದ್ದು, ರೋಗಲಕ್ಷಣವಲ್ಲ. ನಡುನಡುವೆ ಬೀಳುವ ಕಂದು ಬಣ್ಣದ, ಅಂಟಂಟಾದ, ಬಹಳ ದುರ್ವಾಸನೆಯ ಹಿಕ್ಕೆ ಕುರುಡುಕರುಳಿನಿಂದ ಬರುವಂಥದ್ದು. ಅದನ್ನೂ ಭೇದಿ ಎಂದು ತಿಳಿಯುವವರಿದ್ದಾರೆ. ಆಹಾರ ಮುಂದಕ್ಕೆ ಹೋಗದಿದ್ದಾಗ ಪಿತ್ತರಸ ಮಾತ್ರ ಇಳಿದು ಹಿಕ್ಕೆ ಹಸಿರಾಗುತ್ತದೆ, ನಮ್ಮ ಹೇಂಟೆಯಲ್ಲಿ ಆದದ್ದು ಇದೇ. ಹಸಿರು ಭೇದಿ ಕೊಕ್ಕರೆ ರೋಗದಲ್ಲಿಯೂ (ರಾಣಿಖೇತ್ ಎಂಬ ವೈರಸ್ ರೋಗ) ಬರುತ್ತದೆ. ಅದರ ಜೊತೆಗೆ ಏದುಸಿರು, ಕತ್ತು ತಿರುಚುವುದು, ಒಂದರ ಹಿಂದೊಂದು ಕೋಳಿ ಸಾಯುವುದು ಕಂಡರೆ ಮನೆಯಲ್ಲಿ ಯಾವ ಪ್ರಯೋಗವನ್ನೂ ಮಾಡದೆ ಪಶುವೈದ್ಯ ಇಲಾಖೆಗೆ ತಿಳಿಸಬೇಕು. ರಕ್ತ ಬೆರೆತ ಹಿಕ್ಕೆ, ಅದರಲ್ಲೂ ಎಳೆಯ ಕೋಳಿಗಳಲ್ಲಿ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಪರಜೀವಿ ರೋಗ ಇರಬಹುದೆಂಬ ಸೂಚನೆ. ಅದಕ್ಕೆ ಬಳಸುವ ಆಂಪ್ರೋಲಿಯಂ ಬೇರೆಯೇ ಔಷಧಿ, ಮತ್ತು ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ರೋಗವನ್ನೂ ಜಂತುಹುಳುವಿನ ಮೊಟ್ಟೆಗಳನ್ನೂ ಪತ್ತೆ ಮಾಡಬಹುದು. ಇಷ್ಟೊಂದು ಬೇರೆ ಬೇರೆ ಕಾರಣಗಳಿಗೆ ಒಂದೇ ಪುಡಿಯನ್ನು ಕೊಡುವುದು ಚಿಕಿತ್ಸೆಯಾಗಲಾರದು.

ಪುಡಿ ಕುಡಿಸಲಾರಂಭಿಸಿದ ಮೇಲೆ ಚೀಲ ಇನ್ನಷ್ಟು ಊದಿ ಮೆತ್ತಗಾಯಿತು, ಬಾಯಿ ಹುಳಿ ವಾಸನೆ ಬಡಿಯತೊಡಗಿತು. ಕೋಳಿಯ ಬಾಯಿ ಮತ್ತು ಕಾಳಿನ ಚೀಲದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಅಲ್ಪ ಪ್ರಮಾಣದಲ್ಲಿ ಮೊದಲೇ ಇರಬಹುದು. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹತೋಟಿಯಲ್ಲಿಡುತ್ತವೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಮುಂದಿನ ದಾರಿ ಕಟ್ಟಿಕೊಂಡು ಆಹಾರ ನಿಂತಿದ್ದ ಚೀಲದಲ್ಲಿ ಶಿಲೀಂಧ್ರಕ್ಕೆ ಅಡ್ಡಿಯೇ ಇಲ್ಲದಂತಾಯಿತು.

ಈ ಸ್ಥಿತಿಯಲ್ಲಿ, ಬಹುಕಾಲದಿಂದ ಕೋಳಿ ಸಾಕಿದ ಪರಿಚಿತರೊಬ್ಬರು ಬಂದು, ಕೆಟ್ಟ ನೀರನ್ನು ತೆಗೆದುಬಿಟ್ಟರೆ ಸರಿಹೋಗುತ್ತದೆ ಎನ್ನುತ್ತಲೇ ಹೇಂಟೆಯ ಕಾಲು ಹಿಡಿದು ತಲೆಕೆಳಗಾಗಿಸಿ ಚೀಲವನ್ನು ಒತ್ತಿದರು. ಕೊಕ್ಕಿನಿಂದಲೂ ಮೂಗಿನ ಹೊಳ್ಳೆಗಳಿಂದಲೂ ದ್ರವ ಸುರಿಯಿತು. ಹೇಂಟೆ ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿ ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಬಿಟ್ಟಿತು. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ, ಆದರೆ ಆ ವಿಧಾನ ಮಾರಕವಾದದ್ದು. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ, ನಮಗಿರುವಂತೆ ನುಂಗುವಾಗ ಅದನ್ನು ಮುಚ್ಚುವ ಮುಚ್ಚಳ ಅದಕ್ಕಿಲ್ಲ. ಮೇಲಕ್ಕೆ ನುಗ್ಗಿದ ದ್ರವ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಲ್ಲದು. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೂ ಇಲ್ಲದ ಕಾರಣ ತಲೆಕೆಳಗಾದಾಗ ಹೊಟ್ಟೆಯ ಅಂಗಗಳ ಭಾರ ಉಸಿರಾಟಕ್ಕೆ ಇನ್ನಷ್ಟು ಅಡ್ಡಿಯಾಗುತ್ತದೆ.

ಶವಪರೀಕ್ಷೆಯಲ್ಲಿ ಶ್ವಾಸನಾಳದಲ್ಲಿ ಅದೇ ಹುಳಿ ದ್ರವ ಕಂಡಿತು, ಕಾಳಿನ ಚೀಲದ ಒಳಪದರ ಬಿಳಿಯಾಗಿ ದಪ್ಪಗಾಗಿತ್ತು, ಗಿಜಾರ್ಡಿನ ಬಾಯಲ್ಲಿ ಒಣಹುಲ್ಲಿನ ಉದ್ದನೆಯ ಎಳೆಗಳು ಪ್ಲಾಸ್ಟಿಕ್ ದಾರದೊಂದಿಗೆ ಹೆಣೆದುಕೊಂಡು ಮುದ್ದೆಯಾಗಿದ್ದವು. ಚೀಲವನ್ನು ಎಷ್ಟು ಸಲ ಬರಿದು ಮಾಡಿದ್ದರೂ ಆ ಮುದ್ದೆ ಅಲ್ಲೇ ಉಳಿಯುತ್ತಿತ್ತು. ಮೊದಲೇ ಕರೆದುಕೊಂಡು ಬಂದಿದ್ದರೆ ಚೀಲದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರವಿದ್ದರೆ ನಿಸ್ಟಾಟಿನ್ ಕೊಟ್ಟು, ಕೋಳಿಯನ್ನು ನೆಟ್ಟಗೇ ಹಿಡಿದು ಕೊಳವೆಯ ಮೂಲಕ ಚೀಲ ತೊಳೆದು, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ನೋಡಬಹುದಿತ್ತು ಎಂದು ವೈದ್ಯರು ಹೇಳಿದರು. ಖಚಿತವಾಗಿ ಬದುಕುತ್ತಿತ್ತೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ: ರೋಗದ ಕೋಳಿಯನ್ನು ಬೇರೆ ಇಟ್ಟು ಬೆಚ್ಚಗಿರಿಸುವುದು, ಕಾಳು ಹುಲ್ಲು ನಿಲ್ಲಿಸುವುದು, ನೀರನ್ನು ತಾನಾಗಿ ಕುಡಿಯಲು ಬಿಡುವುದು, ಬಲವಂತವಾಗಿ ಬಾಯಿಗೆ ಎಣ್ಣೆಯನ್ನಾಗಲೀ ಕಷಾಯವನ್ನಾಗಲೀ ಸುರಿಯದಿರುವುದು.

ಸತ್ತ ಕೋಳಿಯನ್ನು ಪರೀಕ್ಷೆಗೆ ಕೊಡುವವರು ಅದನ್ನು ಕೈಗವಸು ಹಾಕಿಕೊಂಡು ಚೀಲದಲ್ಲಿಟ್ಟು, ಹೆಪ್ಪುಗಟ್ಟಿಸದೆ, ತಂಪಾಗಿ ಇರಿಸಿ ಆದಷ್ಟು ಬೇಗ ಒಯ್ಯಬೇಕು. ಬಳಸಿದ ಔಷಧಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಆಂಟಿಬಯೋಟಿಕ್ ಕುಡಿದ ಕೋಳಿಯ ಮೊಟ್ಟೆಯನ್ನು ಎಷ್ಟು ಕಾಲ ತಿನ್ನಬಾರದು ಎಂಬುದು ಆ ಔಷಧಿಯ ಮೇಲೆ ನಿರ್ಧಾರವಾಗುತ್ತದೆ, ಮತ್ತು ಮೊಟ್ಟೆಯಿಡುವ ಕೋಳಿಗೆ ಕೊಡಲೇಬಾರದ ಔಷಧಿಗಳೂ ಇವೆ. ನಮ್ಮ ಪೊಟ್ಟಣದ ಮೇಲೆ ಹೆಸರೂ ಇರಲಿಲ್ಲ, ಪ್ರಮಾಣವೂ ಇರಲಿಲ್ಲ. ಅದನ್ನು ಕೊಟ್ಟವರು ಕೇಳಿದರೂ ಹೇಳಲಿಲ್ಲ. ಉಳಿದ ಕೋಳಿಗಳೆಲ್ಲವೂ ಅದೇ ನೀರನ್ನು ಕುಡಿದಿದ್ದರಿಂದ, ವೈದ್ಯರು ಸುರಕ್ಷಿತವೆಂದು ಹೇಳುವವರೆಗೆ ಅವು ಇಟ್ಟ ಮೊಟ್ಟೆಗಳನ್ನು ಯಾರಿಗೂ ಕೊಡದೆ ಹೂಳುತ್ತಿದ್ದೇವೆ.