ಹಿತ್ತಾಳೆ, ಕಾಗದ, ಪ್ಲಾಸ್ಟಿಕ್: ಟರ್ಕಿ ಬೇಟೆಗೆ ಕರಿಮದ್ದಿನ ತೋಟಾ ಯಾವುದರಲ್ಲಿ ಕಟ್ಟಬೇಕು?

ಕರಿಮದ್ದಿನ, ಅಂದರೆ ಹೊಗೆ ಬರುವ ಹಳೇ ಕಾಲದ ಕೋವಿಮದ್ದಿನ, ತೋಟಾ ಕಟ್ಟುವವರು ಸೇರಿದರೆ ಮಾತೆಲ್ಲ ಮದ್ದಿನದ್ದೇ. ಯಾರು ಮಾಡಿದ್ದು, ಕಾಳು ಎಷ್ಟು ದಪ್ಪ, ಎಷ್ಟು ಹಾಕಬೇಕು, ಇವೇ. ಖಾಲಿ ತೋಟಾ ಯಾವುದರದ್ದು ಅಂತ ಕೇಳುವವರು ಕಡಿಮೆ. ಟರ್ಕಿ ಕೋಳಿಯ ಬೇಟೆಗೆ ಮಾತ್ರ ತೋಟಾದ ಗೋಡೆ, ಮದ್ದಿಗೂ ಚರೆಗೂ ನಡುವೆ ಇಡುವ ಬಿಲ್ಲೆ ಅಂದರೆ ವ್ಯಾಡು, ಬಾಯಿ ಮುಚ್ಚುವ ರೀತಿ, ಇವು ಮದ್ದಿಗಿಂತ ಮುಖ್ಯ ಅಂತ ನನಗೆ ಮನವರಿಕೆಯಾಗಿದೆ. ಹಿತ್ತಾಳೆ, ಕಾಗದ, ಪ್ಲಾಸ್ಟಿಕ್ ಮೂರರಲ್ಲೂ ಕಟ್ಟಿ, ಒಂದೇ 12 ಬೋರ್ ಕೋವಿಯಲ್ಲಿ ಹೊಡೆದು ನೋಡಿದ್ದೇನೆ.

ನಾನಿರುವುದು ಅಮೆರಿಕದ ಮಿಸ್ಸೌರಿಯಲ್ಲಿ, ಓಝಾರ್ಕ್ ಗುಡ್ಡಗಳ ಕಡೆ. ಹುಟ್ಟೂರು ಕೊಡಗು. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುತ್ತೇವೆ. ಬೇಟೆ ಅಲ್ಲಿ ಅಪರಾಧ, ಅದು ಸರಿಯೇ. ಮಿಸ್ಸೌರಿಯ ಕಥೆ ಬೇರೆ. ಇಲ್ಲಿ ಒಂದು ಕಾಲಕ್ಕೆ ಟರ್ಕಿ ಅಳಿದೇ ಹೋಗುವ ಸ್ಥಿತಿಗೆ ಬಂದಿತ್ತು. ಉಳಿದ ಹಕ್ಕಿಗಳನ್ನು ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟು, ಸಂಖ್ಯೆ ಬೆಳೆಸಿ, 1960ರಲ್ಲಿ ಮತ್ತೆ ವಸಂತದ ಬೇಟೆಗೆ ಅನುಮತಿ ಕೊಟ್ಟರು. ಈಗ ಏಪ್ರಿಲ್ ಮೂರನೇ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಗಂಡು ಹಕ್ಕಿ ಅಥವಾ ಎದೆಯಲ್ಲಿ ಗಡ್ಡದಂಥ ಕುಚ್ಚು ಇರುವ ಹಕ್ಕಿಗೆ ಮಾತ್ರ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, 4ನೇ ನಂಬರಿಗಿಂತ ದಪ್ಪ ಇರಬಾರದು; ನಂಬರ್ ಹೆಚ್ಚಾದಷ್ಟೂ ಚರೆ ಸಣ್ಣ.

ಟರ್ಕಿಯ ಮೈಗೆ ಯಾರೂ ಹೊಡೆಯುವುದಿಲ್ಲ. ರೆಕ್ಕೆ, ಎದೆಮಾಂಸ, ಗರಿ ಎಲ್ಲ ಸೇರಿ ಚರೆಯನ್ನು ತಡೆದುಬಿಡುತ್ತವೆ. ಹಕ್ಕಿ ಗಾಯಗೊಂಡು ಓಡಿಹೋಗುತ್ತದೆ. ಗುರಿ ತಲೆ ಮತ್ತು ಕುತ್ತಿಗೆಗೆ. ಹತ್ತು ಅಂಗುಲದ ವೃತ್ತದೊಳಗೆ ಚರೆ ದಟ್ಟವಾಗಿ, ಸಮನಾಗಿ ಬೀಳಬೇಕು. ನಡುವೆ ಒಂದು ಖಾಲಿ ಜಾಗ ಬಿಟ್ಟರೂ ಕುತ್ತಿಗೆ ಅಲ್ಲೇ ತೂರಿಹೋಗುತ್ತದೆ. ಈ ಹೋಲಿಕೆಯನ್ನೆಲ್ಲ ನಾನು ಅಳೆದದ್ದು ಈ ಹತ್ತು ಅಂಗುಲದ ವೃತ್ತದಿಂದಲೇ. 20, 25, 30 ಗಜಗಳಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದೆ.

ಮುಂದೆ ಹೋಗುವ ಮೊದಲು ಒಂದು ಮಾತು, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಕರಿಮದ್ದನ್ನು ಡಬ್ಬಿಯ ಮಾಪಿನಲ್ಲಿ ಅಳೆದು ಹಾಕಬಹುದು. ಹೊಗೆ ಬಾರದ ನೈಟ್ರೋ ಮದ್ದನ್ನು ಅದೇ ಮಾಪಿನಲ್ಲಿ ಹಾಕಿದರೆ ನಳಿಗೆ ಒಡೆದು ಕೈ ಹೋಗುತ್ತದೆ. ಈಗಿನ ತೋಟಾ ಪೆಟ್ಟಿಗೆಯ ಮೇಲೆ '3 ಡ್ರಾಮ್' (ಡ್ರಾಮ್ ಹಳೇ ತೂಕದ ಅಳತೆ) ಅಂತ ಬರೆದಿರುವುದು ಮದ್ದಿನ ತೂಕ ಅಲ್ಲ. ಅಷ್ಟು ಕರಿಮದ್ದು ಹಾಕಿದಾಗ ಬರುತ್ತಿದ್ದ ವೇಗಕ್ಕೆ ಸಮ ಅಂತ ಮಾತ್ರ ಅದರ ಅರ್ಥ. ನೈಟ್ರೋ ಮದ್ದಿನ ಬಣ್ಣವೂ ಕಪ್ಪಾಗಿರಬಹುದು, ಅದಕ್ಕೇ ಬಣ್ಣ ನೋಡಿ ಏನನ್ನೂ ತೀರ್ಮಾನ ಮಾಡಬಾರದು. ನನ್ನ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಹಳೇ ಕೋವಿಯಾದರೆ ತಿಳಿದವರಿಗೆ ತೋರಿಸದೆ ಒಂದು ಈಡೂ ಹೊಡೆಯಬೇಡಿ.

ಮೂರೂ ತೋಟಾಕ್ಕೆ ಹಾಕಿದ್ದು ಒಂದೇ ಲೆಕ್ಕ. ಎರಡು ಎಫ್, ಅಂದರೆ ಮಧ್ಯಮ ದಪ್ಪದ ಕಾಳಿನ ಕರಿಮದ್ದು 3 ಡ್ರಾಮ್, ಅಂದರೆ ಸುಮಾರು 82 ಗ್ರೇನ್. ಸೀಸದ 6ನೇ ನಂಬರ್ ಚರೆ 1⅛ ಔನ್ಸ್. ಒಂದೇ ಮಾಪಿನಲ್ಲಿ ಮದ್ದನ್ನೂ ಚರೆಯನ್ನೂ ಅಳೆಯುವ ಹಳೇ ಪದ್ಧತಿಗೆ ಇದು ಹತ್ತಿರ ಬರುತ್ತದೆ. 6ನೇ ನಂಬರಿನಲ್ಲಿ ಔನ್ಸಿಗೆ ಸುಮಾರು 225 ಚರೆ ಬರುತ್ತವೆ, 5ರಲ್ಲಿ 170. 30 ಗಜದ ಒಳಗೆ ನನಗೆ ಬೇಕಾದದ್ದು ಸಂಖ್ಯೆ, ಅದಕ್ಕೇ 6.

ಹಿತ್ತಾಳೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಮೇಲೇ. ಕೈಗೆ ಭಾರ, ನೋಡಲು ಚೆಂದ. ನಾನು ಬಳಸಿದ್ದು ಎರಡೂವರೆ ಅಂಗುಲದ್ದು, ಪಿಸ್ತೂಲಿನ ದೊಡ್ಡ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಕೇಪು) ಹಿಡಿಯುವಂಥದ್ದು. ಗೋಡೆ ತೀರಾ ತೆಳು. ಹಾಗಾಗಿ 12 ಬೋರಿನ ವ್ಯಾಡು ಅದರೊಳಗೆ ಸಡಿಲವಾಗುತ್ತದೆ. ಮದ್ದಿನ ಮೇಲೆ 11 ಬೋರಿನ ದಪ್ಪ ರಟ್ಟು, ಚರೆಯ ಮೇಲೆ 10 ಬೋರಿನ ತೆಳು ರಟ್ಟು ಬೇಕು; ಬೋರಿನ ನಂಬರ್ ಇಳಿದಷ್ಟೂ ಅಗಲ ಹೆಚ್ಚು. ಈ ಅಗಲದ ವ್ಯಾಡು ನಳಿಗೆಯಲ್ಲಿ ಬಿಗಿಯಾಗಿ ಕೂರುವುದರಿಂದ ಅನಿಲ ಸೋರುವುದಿಲ್ಲ. ಹಿತ್ತಾಳೆಯ ದೊಡ್ಡ ಗುಣ ಇದು. ಒತ್ತುವ ಯಂತ್ರವೂ ಬೇಕಿಲ್ಲ. ಒಂದು ಮರದ ಗೂಟ, ಒಂದು ಮರದ ಸುತ್ತಿಗೆ ಸಾಕು. ಮದ್ದು, ರಟ್ಟು, ನಾರಿನ ವ್ಯಾಡು, ಚರೆ, ಮೇಲೆ ರಟ್ಟು. ಊರಿನ ಕೇಪಿನ ಕೋವಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ತುರುಕುವ ಸಲಾಕೆಯಲ್ಲಿ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕುತ್ತಿದ್ದದ್ದೂ ಇದೇ ಕ್ರಮದಲ್ಲಿ.

ಕಷ್ಟ ಇರುವುದು ಬಾಯಲ್ಲಿ. ಹಿತ್ತಾಳೆಯ ಬಾಯಿಯನ್ನು ಮಡಚಲಾಗದು, ಮೇಲಿನ ರಟ್ಟನ್ನು ಅಂಟಿನಿಂದ ಕೂರಿಸಬೇಕು. ಸೋಡಿಯಂ ಸಿಲಿಕೇಟ್ ಹಚ್ಚುವವರಿದ್ದಾರೆ. ನಾನು ಮೊದಲು ಅದನ್ನೇ ಹಚ್ಚಿದೆ, ಆಮೇಲೆ ಬೇಗ ಒಣಗುವ ಪಾರದರ್ಶಕ ಅಂಟಿಗೆ ಬದಲಾಯಿಸಿದೆ. ಅಂಚಿಗೆ ಸುತ್ತಲೂ ಒಂದು ತೆಳುವಾದ ಗೆರೆ ಎಳೆದು ರಾತ್ರಿಯಿಡೀ ಒಣಗಲು ಬಿಡಬೇಕು. ಒಂಟಿ ನಳಿಗೆಯಲ್ಲಿ ಇದು ಸಾಕು. ಜೋಡು ನಳಿಗೆಯಲ್ಲಿ ಮೊದಲ ಈಡಿನ ಒದೆತಕ್ಕೆ ಎರಡನೇ ತೋಟಾದ ರಟ್ಟು ಸಡಿಲವಾಗಿ ಚರೆ ಮುಂದಕ್ಕೆ ಜಾರಬಹುದು. ಜೇಬಿನಲ್ಲಿ ಇಡೀ ದಿನ ಅಲ್ಲಾಡಿದರೂ ಅಷ್ಟೇ. ಬೆಳಗಿನ ಇಬ್ಬನಿಯಲ್ಲಿ ನೆನೆದ ಜಾಕೆಟ್ಟಿನಿಂದ ತೆಗೆದ ಹಿತ್ತಾಳೆ ತೋಟಾದ ರಟ್ಟಿನ ಅಂಚು ಎದ್ದಿದ್ದನ್ನು ನಾನೇ ನೋಡಿದ್ದೇನೆ. ಅದನ್ನು ಕೋವಿಗೆ ಹಾಕದೆ ಬಿಚ್ಚಿಟ್ಟೆ.

ಕಾಗದದ ಮೇಲೆ ವೃತ್ತ ಎಳೆದು ಎಣಿಸಿದಾಗ ಹಿತ್ತಾಳೆ 20 ಗಜದಲ್ಲಿ ಬಹಳ ಚೆನ್ನಾಗಿತ್ತು. 25ರಲ್ಲಿ ಪರವಾಗಿಲ್ಲ. 30ಕ್ಕೆ ಹೋದಾಗ ಒಂದು ಈಡು ಚೆನ್ನ, ಇನ್ನೊಂದರಲ್ಲಿ ನಡುವೆ ತೂತು. ಕಾರಣ ನಾರಿನ ದಪ್ಪ ವ್ಯಾಡು ಅಂತ ನನ್ನ ನಂಬಿಕೆ. ಎಣ್ಣೆ ಕುಡಿದು ಭಾರವಾದ ವ್ಯಾಡು ಚರೆಯ ಬೆನ್ನಿಗೇ ಹೋಗಿ ನಡುವನ್ನು ಕದಡುತ್ತದೆ. ಅದನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ಎರಡು ತೆಳು ಬಿಲ್ಲೆ ಮಾಡಿ ಹಾಕಿದ ಮೇಲೆ ತೂತು ಎಷ್ಟೋ ಕಡಿಮೆಯಾಯಿತು.

ಕಾಗದದ ತೋಟಾದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಡೆದ ಮೇಲೆ ಬರುವ ಮೇಣ ಮತ್ತು ಗಂಧಕದ ವಾಸನೆ ನನಗೆ ಬಹಳ ಇಷ್ಟ. ಬಾಯಿ ಸುರುಳಿ ಸುತ್ತಲು ಕೂಡ ಇದರಷ್ಟು ಸುಲಭದ್ದು ಬೇರೆ ಇಲ್ಲ. ಆದರೆ ಏಪ್ರಿಲ್‌ನಲ್ಲಿ ಇಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ. ತೇವ ಹಿಡಿದರೆ ಕಾಗದ ಉಬ್ಬುತ್ತದೆ, ನಳಿಗೆಗೆ ಸೇರುವುದೇ ಇಲ್ಲ. ಕರಗಿದ ಮೇಣದಲ್ಲಿ ಅದ್ದಿದರೆ ಸ್ವಲ್ಪ ತಡೆಯುತ್ತದೆ. ಇನ್ನೊಂದು ಅಪಾಯವೂ ಇದೆ. ತಳದಲ್ಲಿರುವ ಕಾಗದದ ಬಿಲ್ಲೆ ಕೆಲವೊಮ್ಮೆ ಕೆಂಡ ಹಿಡಿದು ಹಾಗೇ ಒಳಗೆ ಉಳಿಯುತ್ತದೆ. ಹೊಡೆದ ತೋಟಾವನ್ನು ತಕ್ಷಣ ಮತ್ತೆ ತುಂಬಲು ಹೋಗಲೇಬಾರದು. ಒಣ ದಿನದಲ್ಲಿ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗೆ ಹೊಡೆಯಲು ನನಗೆ ಕಾಗದವೇ ಬೇಕು. ಟರ್ಕಿಗೆ ಬೇಡ.

ಪ್ಲಾಸ್ಟಿಕ್ ಹೆಸರು ಎತ್ತಿದರೆ ಹಳೇ ಕೋವಿಯ ಪ್ರೇಮಿಗಳು ಮುಖ ಸಿಂಡರಿಸುತ್ತಾರೆ. ಅವರ ತಕರಾರಿನಲ್ಲಿ ಅರ್ಧ ನಿಜ ಇದೆ. ಕರಿಮದ್ದಿನ ಬೆಂಕಿಗೆ ತೋಟಾದ ಬಾಯಿ ಸುಡುತ್ತದೆ. ಕೆಲವೇ ಈಡಿಗೆ ಅಂಚು ತೆಳುವಾಗಿ, ಸಣ್ಣ ಸಣ್ಣ ತೂತು ಬಿದ್ದು, ಮತ್ತೆ ಮಡಚಲು ಬಾರದ ಹಾಗಾಗುತ್ತದೆ. ಹಿತ್ತಾಳೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಟರ್ಕಿ ಬೇಟೆಯಲ್ಲಿ ಇಡೀ ಹಂಗಾಮಿಗೆ ಹೊಡೆಯುವುದು ಎಷ್ಟು ಈಡು ಹೇಳಿ? ಅದೃಷ್ಟ ಇದ್ದರೆ ಒಂದೋ ಎರಡೋ. ಇಲ್ಲಿ ತೋಟಾದ ಬಾಳಿಕೆ ಲೆಕ್ಕಕ್ಕೇ ಬರುವುದಿಲ್ಲ. ಆ ಒಂದು ಈಡು ಮಳೆಯಲ್ಲೂ ಸರಿಯಾಗಿ ಹೋಗಬೇಕು, ಅಷ್ಟೇ.

ಆ ಲೆಕ್ಕದಲ್ಲಿ ಪ್ಲಾಸ್ಟಿಕ್ ಗೆಲ್ಲುತ್ತದೆ. ಇದಕ್ಕೆ ಹಾಕುವ 209 ನಂಬರಿನ ಪ್ರೈಮರ್ ಜೋರಾಗಿ ಉರಿಯುವಂಥದ್ದು, ಚಳಿಯ ಬೆಳಿಗ್ಗೆಯೂ ತಡ ಮಾಡುವುದಿಲ್ಲ. ಗೋಡೆ ದಪ್ಪ ಇರುವುದರಿಂದ 12 ಬೋರಿನ ಮಾಮೂಲಿ ವ್ಯಾಡು ಸರಿಯಾಗಿ ಕೂರುತ್ತದೆ. ಬಾಯಿಗೆ ತೆಳು ರಟ್ಟು ಇಟ್ಟು, ಡ್ರಿಲ್ಲಿಗೆ ಸಿಕ್ಕಿಸುವ ಸುರುಳಿ ಉಪಕರಣವನ್ನು ನಿಧಾನಕ್ಕೆ ಒತ್ತಿದರೆ ಅಂಚು ಬಿಸಿಯಾಗಿ ಒಳಕ್ಕೆ ಸುತ್ತಿಕೊಳ್ಳುತ್ತದೆ. ಅವಸರ ಮಾಡಿದರೆ ಪ್ಲಾಸ್ಟಿಕ್ ಕರಗಿ ಎಳೆ ಎಳೆಯಾಗುತ್ತದೆ. ಸುರುಳಿ ಗಟ್ಟಿಯಾಗಿ ಕೂತ ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಚರೆಯ ಸದ್ದೇ ಬರಬಾರದು. ಕರಿಮದ್ದಿನ ಮೇಲೆ ಖಾಲಿ ಜಾಗ ಇರಬಾರದು, ಸ್ವಲ್ಪ ಒತ್ತಿಯೇ ಇರಬೇಕು. ಸುರುಳಿ ಸುತ್ತಿದ ಬಾಯಿ ಆ ಒತ್ತಡವನ್ನು ಹಾಗೇ ಹಿಡಿದಿಡುತ್ತದೆ.

ಒಂದು ಎಚ್ಚರಿಕೆ ಇದೆ. ತೋಟಾ ಪ್ಲಾಸ್ಟಿಕ್ ಆದರೂ ಒಳಗಿನ ವ್ಯಾಡು ಪ್ಲಾಸ್ಟಿಕ್ ಆಗಬಾರದು. ಈಗಿನ ಪ್ಲಾಸ್ಟಿಕ್ ಬಟ್ಟಲಿನ ವ್ಯಾಡನ್ನು ಹಾಕಿ ನೋಡಿದೆ. ಚರೆ ಒಳ್ಳೆಯ ಗುಂಪಾಗಿ ಬಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ನಳಿಗೆಯೊಳಗೆ ಕರಗಿದ ಪ್ಲಾಸ್ಟಿಕ್ಕಿನ ಪಟ್ಟೆ ಮಸಿಯ ಜೊತೆ ಅಂಟಿಕೊಂಡಿತ್ತು. ಬಿಸಿನೀರಿಗೆ ಅದು ಬಿಡುವುದಿಲ್ಲ, ಬ್ರಷ್ಷಿನಿಂದ ಕೆರೆದೇ ತೆಗೆಯಬೇಕು. ಅದರ ಬದಲಿಗೆ ದಿನಸಿ ಅಂಗಡಿಯ ಕಂದು ಕಾಗದದ ಚೀಲ ಕತ್ತರಿಸಿ, ಕೋಲಿಗೆ ಸುತ್ತಿ, ಚರೆಗೆ ಒಂದು ಬಟ್ಟಲು ಮಾಡಿದೆ. ಬಾಯಿಯಿಂದ ಮುಕ್ಕಾಲು ಭಾಗದವರೆಗೆ ನಾಲ್ಕು ಕಡೆ ಸೀಳಬೇಕು. ಸೀಳದಿದ್ದರೆ ಬಟ್ಟಲು ಬಿಚ್ಚಿಕೊಳ್ಳದೆ ಇಡೀ ಚರೆ ಒಂದೇ ಗುಂಡಾಗಿ ಹೋಗಬಹುದು, ಅದು ಅಪಾಯ. ಸರಿಯಾಗಿ ಸೀಳಿದ ಕಾಗದದ ಬಟ್ಟಲು, ಫುಲ್ ಚೋಕ್ (ಚರೆ ಒಟ್ಟಾಗಿ ಹೋಗಲು ನಳಿಗೆಯ ತುದಿಯನ್ನು ಕಿರಿದು ಮಾಡುವ ಭಾಗ), ಸೀಳಿದ ನಾರಿನ ವ್ಯಾಡು, ಈ ಮೂರೂ ಸೇರಿದಾಗ 30 ಗಜದಲ್ಲೂ ಕುತ್ತಿಗೆಯ ಚಿತ್ರದ ಮೇಲೆ ತೂತಿಲ್ಲದೆ ಚರೆ ಬಿದ್ದವು. ಹಿತ್ತಾಳೆಯಲ್ಲಿ ಇದೇ ಬಟ್ಟಲು ಹಾಕಿದರೂ ಚೆನ್ನಾಗಿಯೇ ಬಂತು, ಆದರೆ ಪ್ರತಿ ಈಡೂ ಒಂದೇ ಥರ ಬರಲಿಲ್ಲ.

ಹೆಚ್ಚು ಮದ್ದು ಹಾಕಿದರೆ ದೂರ ಹೋಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಆಗುವುದು ಬೇರೆ. ಮದ್ದು ಏರಿಸಿದಷ್ಟೂ ಚರೆ ಚದುರುತ್ತವೆ. ಮದ್ದನ್ನು 3 ಡ್ರಾಮಿನಲ್ಲೇ ಇಟ್ಟು ಚರೆಯನ್ನು 1¼ ಔನ್ಸಿಗೆ ಏರಿಸಿದ್ದು ನನಗೆ ಹೆಚ್ಚು ಲಾಭ ತಂದಿತು. ಇದು ಗಟ್ಟಿಮುಟ್ಟಾದ ಈಗಿನ ಉಕ್ಕಿನ ನಳಿಗೆಯ ಮಾತು.

ಬದಲಿ ಮದ್ದುಗಳನ್ನೂ ಹೊಡೆದು ನೋಡಿದೆ. ಅವು ಕರಿಮದ್ದಿಗಿಂತ ಹಗುರ. ತೂಕದಲ್ಲಿ ಅಳೆಯಬಾರದು, ಮಾಪಿನಲ್ಲೇ ಅಳೆಯಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಅದೊಂದು ಅನುಕೂಲ. ಆದರೆ ಬೆಂಕಿ ಹಿಡಿಯಲು ಕರಿಮದ್ದಿನಷ್ಟು ಚುರುಕಿಲ್ಲ. 209 ಪ್ರೈಮರಿಗೆ ತೊಂದರೆ ಕಾಣಲಿಲ್ಲ, ಹಿತ್ತಾಳೆಯ ಪಿಸ್ತೂಲ್ ಪ್ರೈಮರಿನಲ್ಲಿ ಮಾತ್ರ ಈಡು ಒಂದು ಕ್ಷಣ ತಡವಾದ ಹಾಗೆ ಅನ್ನಿಸಿತು. ಟರ್ಕಿ ತಲೆಯನ್ನು ಸುಮ್ನೆ ಒಂದು ಕಡೆ ಇಡುವ ಹಕ್ಕಿಯಲ್ಲ. ಆ ತಡ ನನಗೆ ಬೇಡ. ನಿಜವಾದ ಕರಿಮದ್ದು ಸಿಗುತ್ತಿರುವಷ್ಟು ಕಾಲ ನನಗೆ ಕರಿಮದ್ದೇ.

ಹೊಗೆಯ ವಿಷಯದಲ್ಲಿ ಮೂರೂ ತೋಟಾ ಒಂದೇ. ಕರಿಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಸುಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿ, ಹೊಗೆಯಾಗಿಯೇ ಉಳಿಯುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಈಡು ಹೊಡೆದ ಮೇಲೆ ಎದುರಿಗೆ ಬಿಳಿ ಗೋಡೆ ಎದ್ದುಬಿಡುತ್ತದೆ. ಹಕ್ಕಿ ಬಿತ್ತೋ ಇಲ್ಲವೋ ಕಾಣುವುದಿಲ್ಲ. ಹೊಗೆ ಕೆಳಗಡೆ ತೆಳುವಾಗಿರುತ್ತದೆ, ಕೂಡಲೇ ಬಗ್ಗಿ ಪಕ್ಕಕ್ಕೆ ಸರಿದು ನೋಡಬೇಕು. ಹಕ್ಕಿಯ ಹತ್ತಿರ ಹೋಗುವಾಗ ನೆಲವನ್ನೂ ನೋಡುತ್ತಾ ಹೋಗಿ. ನಾರಿನ ವ್ಯಾಡು, ಕಾಗದದ ಚೂರು ಕೆಂಡವಾಗಿ ಓಕ್ ಮರದ ಒಣ ಎಲೆಯ ಮೇಲೆ ಬಿದ್ದಿರಬಹುದು. ಕಾಲಿನಿಂದ ಹೊಸಕಿ, ಬಾಟಲಿಯ ನೀರು ಹಾಕಿಯೇ ಮುಂದೆ ಹೋಗುತ್ತೇನೆ.

ತೊಳೆಯುವ ಕೆಲಸಕ್ಕೆ ಬಂದರೆ ಹಿತ್ತಾಳೆ ಹೆಚ್ಚು ಕೇಳುತ್ತದೆ. ಅದೇ ದಿನ ನೀರಿಗೆ ಹಾಕದಿದ್ದರೆ ಒಳಗೆ ಹಸಿರು ಕಟ್ಟುತ್ತದೆ. ಪ್ರೈಮರ್ ತೆಗೆದು, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಹುಣಸೆಹುಳಿಯಲ್ಲಿ ಉಜ್ಜುತ್ತೇನೆ. ಪೂಜೆಯ ಪಾತ್ರೆಗೆ ಬರುವ ಹೊಳಪೇ ಇದಕ್ಕೂ ಬರುತ್ತದೆ. ಆಮೇಲೆ ಹುಳಿ ಪೂರ್ತಿ ಹೋಗುವ ಹಾಗೆ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಪ್ಲಾಸ್ಟಿಕ್ ಆದರೆ ಒಂದು ಸಲ ಜಾಲಿಸಿದರೆ ಮುಗಿಯಿತು. ನಳಿಗೆಗೆ ಯಾವ ತೋಟಾದಲ್ಲೂ ರಿಯಾಯಿತಿ ಇಲ್ಲ: ಸೋಪು, ಬಿಸಿನೀರು, ಒಣ ಬಟ್ಟೆ, ಎಣ್ಣೆ, ಅದೇ ಸಂಜೆ. ಮಸಿ ಗಾಳಿಯ ತೇವ ಎಳೆದುಕೊಂಡು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸಬಲ್ಲದು. ಬಿಚ್ಚುವ ಚೋಕ್ ಇದ್ದರೆ ಅದರ ಮರೆಗಳಿಗೆ ಮೊದಲೇ ಗ್ರೀಸ್ ಹಚ್ಚಿಡಿ, ಇಲ್ಲದಿದ್ದರೆ ಮಸಿ ಕಚ್ಚಿಕೊಂಡು ತಿರುಗುವುದೇ ಇಲ್ಲ.

ಮುಂದಿನ ಏಪ್ರಿಲ್‌ಗೆ ಪ್ಲಾಸ್ಟಿಕ್ ತೋಟಾದಲ್ಲೇ ಕಟ್ಟುತ್ತೇನೆ. ಬದಲಾಯಿಸಬೇಕು ಅಂತಿರುವುದು ಚರೆಯೊಂದನ್ನೇ. ಮನೆಯಲ್ಲಿ ಮಕ್ಕಳೂ ಇದೇ ಮಾಂಸ ತಿನ್ನುತ್ತಾರೆ, ಸೀಸದ ಚೂರು ಬಾಯಿಗೆ ಬರುವುದು ನನಗೆ ಬೇಡ. ಉಕ್ಕಿನ ಚರೆ ಗಟ್ಟಿ, ಕಾಗದದ ಬಟ್ಟಲಿನಲ್ಲಿ ಹಾಕಿದರೆ ನಳಿಗೆಯನ್ನು ಗೀಚುತ್ತದೆ. ಬಿಸ್ಮತ್ ಉಕ್ಕಿಗಿಂತ ಮೃದು, ಸೀಸಕ್ಕಿಂತ ಸ್ವಲ್ಪ ಹಗುರ, ಬೆಲೆ ಮಾತ್ರ ಕೈ ಕಚ್ಚುತ್ತದೆ. ಹಗುರವಾದ್ದರಿಂದ 6ರ ಬದಲು 5ನೇ ನಂಬರ್ ತರಿಸಿದ್ದೇನೆ, 25 ಗಜದ ಆಚೆ ಅದನ್ನು ಹೊಡೆಯುವುದಿಲ್ಲ.