ಗೃಹ ವಿಮೆಯ ನವೀಕರಣ: ಏರಿದ ಪ್ರೀಮಿಯಂ, ಸದ್ದಿಲ್ಲದೆ ಬದಲಾದ ಷರತ್ತು

ಹಲವು ವರ್ಷಗಳಿಂದ ಒಂದೇ ಸಂಸ್ಥೆಯಲ್ಲಿ ಗೃಹ ವಿಮೆಯನ್ನು ಮುಂದುವರಿಸಿಕೊಂಡು ಬಂದಿರುವ ಗ್ರಾಹಕನಾಗಿ, ಈ ಸಲದ ನವೀಕರಣದಲ್ಲಿ ಆ ಸಂಸ್ಥೆಯಿಂದ ದೊರೆತ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ನಾನು ಕಂಡ ಕೊರತೆಗಳು ಅದೊಂದಕ್ಕೇ ಸೀಮಿತವಾದವಲ್ಲ ಎಂಬುದು ಬೇರೆ ಸಂಸ್ಥೆಗಳ ದರಪಟ್ಟಿಗಳನ್ನು ತರಿಸಿ ನೋಡಿದಾಗ ತಿಳಿಯಿತು. ಪ್ರೀಮಿಯಂ ಏರಿದ್ದರ ಬಗ್ಗೆ ನನ್ನ ತಕರಾರು ಕಡಿಮೆ. ಅದು ಯಾವ ಕಾರಣಕ್ಕೆ ಎಷ್ಟು ಏರಿತು ಎಂಬುದನ್ನು ಗ್ರಾಹಕನೇ ಅಗೆದು ತೆಗೆಯಬೇಕಾಗಿ ಬಂದದ್ದರ ಬಗ್ಗೆ ತಕರಾರು ಹೆಚ್ಚು.

ನವೀಕರಣದ ಪತ್ರದಿಂದಲೇ ಆರಂಭಿಸುತ್ತೇನೆ. ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ, ಹಣ ಪಾವತಿಸುವ ಬಗೆ, ಇವಿಷ್ಟೂ ದಪ್ಪಕ್ಷರದಲ್ಲಿದ್ದವು. ಕಳೆದ ವರ್ಷ ಎಷ್ಟು ಕಟ್ಟಿದ್ದೆ ಎಂಬುದು ಎಲ್ಲಿಯೂ ಇರಲಿಲ್ಲ. ಬ್ರಿಟನ್ನಿನಲ್ಲಿ 2017ರ ಏಪ್ರಿಲ್‌ನಿಂದ ಇಂಥ ಪತ್ರದಲ್ಲಿ ಹಿಂದಿನ ವರ್ಷದ ಪ್ರೀಮಿಯಂ ನಮೂದಿಸುವುದು ಕಡ್ಡಾಯವಾಗಿದೆ. 2022ರ ಜನವರಿ 1ರಿಂದ ಅಲ್ಲಿನ ಮನೆ ಮತ್ತು ವಾಹನ ವಿಮೆಗಳಲ್ಲಿ, ಅದೇ ಪಾಲಿಸಿಗೆ ಹೊಸ ಗ್ರಾಹಕನಿಂದ ಪಡೆಯುವುದಕ್ಕಿಂತ ಹೆಚ್ಚಿನ ದರವನ್ನು ಹಳೆಯ ಗ್ರಾಹಕನಿಂದ ಪಡೆಯುವಂತಿಲ್ಲ ಎಂಬ ನಿಯಮವೂ ಜಾರಿಯಲ್ಲಿದೆ. ನಿಷ್ಠೆಯಿಂದ ಉಳಿದವನೇ ವರ್ಷದಿಂದ ವರ್ಷಕ್ಕೆ ಹೆಚ್ಚು ತೆರುತ್ತಾ ಹೋಗುವ ಪದ್ಧತಿ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಆ ನಿಯಮವೇ ಸಾಕ್ಷಿ. ಅಂಥ ನಿಯಮವಿಲ್ಲದ ಕಡೆ ಹಳೆಯ ಪಾಲಿಸಿಯನ್ನು ಹುಡುಕಿ ತೆಗೆದು ಹೊಸದರ ಪಕ್ಕದಲ್ಲಿ ಇಟ್ಟುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಹಾಗೆ ಇಟ್ಟು ನೋಡಿದಾಗ ಮೊದಲು ಬಿಡಿಸಿಕೊಳ್ಳಬೇಕಾದ ಲೆಕ್ಕ ಒಂದಿದೆ. ಪ್ರೀಮಿಯಂ ಎಂಬುದು ವಿಮಾ ಮೊತ್ತವನ್ನು, ಅಂದರೆ ಪಾಲಿಸಿ ಕೊಡಬಲ್ಲ ಗರಿಷ್ಠ ಪರಿಹಾರವನ್ನು, ದರದಿಂದ ಗುಣಿಸಿ ಬಂದದ್ದು; ಆದ್ದರಿಂದ ಎರಡರಲ್ಲಿ ಯಾವುದು ಏರಿದೆ ಎಂದು ನೋಡದೆ ಏರಿಕೆಯನ್ನು ಅಳೆಯಲು ಬರುವುದಿಲ್ಲ. ವಿಮಾ ಮೊತ್ತ ಶೇಕಡಾ 10ರಷ್ಟು ಹೆಚ್ಚಿ, ದರವೂ ಶೇಕಡಾ 10ರಷ್ಟು ಹೆಚ್ಚಿದರೆ ಪ್ರೀಮಿಯಂ ಶೇಕಡಾ 21ರಷ್ಟು ಏರುತ್ತದೆ. ಆದರೆ ಈ ಎರಡು ಏರಿಕೆಗಳ ಸ್ವಭಾವ ಒಂದೇ ಅಲ್ಲ. ಮೊದಲನೆಯದಕ್ಕೆ ಪ್ರತಿಯಾಗಿ ನಮಗೆ ಹೆಚ್ಚಿನ ರಕ್ಷಣೆ ಸಿಗುತ್ತದೆ. ಎರಡನೆಯದರಲ್ಲಿ ಅದೇ ರಕ್ಷಣೆಗೆ ಹೆಚ್ಚು ಬೆಲೆ ತೆರುತ್ತೇವೆ. ನನ್ನ ಪಾಲಿಸಿಯಲ್ಲಿ ಎರಡೂ ನಡೆದಿದ್ದವು. ಪತ್ರ ಮಾತ್ರ ಎರಡನ್ನೂ ಒಂದೇ ಅಂಕಿಯೊಳಗೆ ಸೇರಿಸಿ ಮುಗಿಸಿತ್ತು.

ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದಾಗ ಬಂದ ಉತ್ತರ, ‘ಈಗ ಎಲ್ಲ ಕಡೆಯೂ ಜಾಸ್ತಿ ಆಗಿದೆ ಸರ್’ ಎಂಬುದು. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು, ಆದರೆ ಅವರ ಪರದೆಯ ಮೇಲೆ ಅದಕ್ಕಿಂತ ಹೆಚ್ಚಿನ ವಿವರ ಇದ್ದಂತಿರಲಿಲ್ಲ. ಲಿಖಿತವಾಗಿ ಕೇಳಿದ ಮೇಲೆ, ಅಪಾಯವನ್ನು ಅಳೆದು ದರ ನಿಗದಿ ಮಾಡುವ ವಿಭಾಗದಿಂದ ಬಂದ ಉತ್ತರ ಮಾತ್ರ ಮೆಚ್ಚುವಂಥದ್ದು. ಕಟ್ಟಡ ನಿರ್ಮಾಣದ ವೆಚ್ಚದ ಸೂಚ್ಯಂಕಕ್ಕೆ ಅನುಗುಣವಾಗಿ ವಿಮಾ ಮೊತ್ತವನ್ನು ಏರಿಸಲಾಗಿದೆ. ಮರುವಿಮೆಯ ವೆಚ್ಚ ಹೆಚ್ಚಿದ್ದರಿಂದ ಮೂಲ ದರ ಪರಿಷ್ಕರಣೆಯಾಗಿದೆ. ಬೆಂಕಿ ಎಚ್ಚರಿಕೆ ಸಾಧನಕ್ಕೆ ಕೊಡುತ್ತಿದ್ದ ರಿಯಾಯಿತಿಯು, ಆ ಸಾಧನದ ತಪಾಸಣೆಯ ದಾಖಲೆ ಹಳೆಯದಾದ ಕಾರಣ ರದ್ದಾಗಿದೆ, ಎಂದು ಅವರು ಬಿಡಿಬಿಡಿಯಾಗಿ ತಿಳಿಸಿದರು. ಹೊಸ ದಾಖಲೆ ಕಳುಹಿಸಿದ ಕೂಡಲೇ ರಿಯಾಯಿತಿ ಮರಳಿ ಬಂತು. ಒಂದು ದಾಖಲೆ ಬೇಕಿತ್ತೆಂದು ಮೊದಲೇ ಕೇಳಿದ್ದರೆ ಇಷ್ಟು ಪತ್ರವ್ಯವಹಾರದ ಅಗತ್ಯವೇ ಇರುತ್ತಿರಲಿಲ್ಲ.

ಮರುವಿಮೆಯ ಮಾತನ್ನು ಅನೇಕರು ನೆಪವೆಂದು ತಳ್ಳಿಹಾಕುತ್ತಾರೆ, ಅದು ನೆಪವಲ್ಲ. ವಿಮಾ ಕಂಪನಿಗಳೂ ತಮ್ಮ ಮೇಲೆ ಬೀಳಬಹುದಾದ ದೊಡ್ಡ ನಷ್ಟದ ಒಂದು ಪಾಲನ್ನು ಮರುವಿಮಾ ಕಂಪನಿಗಳಿಗೆ ವಹಿಸುತ್ತವೆ, ಮತ್ತು ಅಂಥ ಒಪ್ಪಂದಗಳಲ್ಲಿ ಹೆಚ್ಚಿನವು ಪ್ರತಿವರ್ಷ ಜನವರಿ 1ರಂದು ನವೀಕರಣಗೊಳ್ಳುತ್ತವೆ. ಅಂದರೆ ನಮಗೆ ಪತ್ರ ಬರೆಯುವ ಸಂಸ್ಥೆಯ ಕೈಗೂ ವರ್ಷಕ್ಕೊಮ್ಮೆ ಇಂಥದ್ದೇ ಪತ್ರ ಬರುತ್ತದೆ. 1992ರ ಆಗಸ್ಟ್‌ನಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಆ್ಯಂಡ್ರೂ ಚಂಡಮಾರುತದ ನಂತರ ಹಲವು ವಿಮಾ ಕಂಪನಿಗಳು ದಿವಾಳಿಯೆದ್ದವು. ಹಳೆಯ ಕ್ಲೇಮುಗಳ ಸರಾಸರಿಯನ್ನೇ ನಂಬಿ ದರ ಕಟ್ಟುವ ಕ್ರಮ ಸಾಲದೆಂದು ಮನಗಂಡು, ಕಂಪ್ಯೂಟರಿನಲ್ಲಿ ಸಾವಿರಾರು ಕಲ್ಪಿತ ದುರಂತಗಳನ್ನು ನಡೆಸಿ ಅಪಾಯವನ್ನು ಅಂದಾಜಿಸುವ ಮಾದರಿಗಳ ಕಡೆಗೆ ಈ ಉದ್ಯಮ ವಾಲಿದ್ದು ಆ ಬಳಿಕವೇ. ಆದ್ದರಿಂದ ಒಂದು ಮನೆಗೆ ಎಂದೂ ಹಾನಿಯಾಗದಿದ್ದರೂ, ಅದು ನಿಂತಿರುವ ಜಾಗದ ಅಂದಾಜು ಬದಲಾದರೆ ದರ ಬದಲಾಗುತ್ತದೆ. ಈ ಭಾಗದ ಮೇಲೆ ಗ್ರಾಹಕನಿಗೆ ಹಿಡಿತವಿಲ್ಲ, ವಾದ ಮಾಡಿಯೂ ಪ್ರಯೋಜನವಿಲ್ಲ.

ಹಿಡಿತವಿರುವುದು ವಿಮಾ ಮೊತ್ತದ ಮೇಲೆ, ಮತ್ತು ಅಲ್ಲಿಯೇ ಜನ ಕೈ ಸುಟ್ಟುಕೊಳ್ಳುವುದೂ ಹೆಚ್ಚು. ಪ್ರೀಮಿಯಂ ಇಳಿಸಿಕೊಳ್ಳಲು ಮೊತ್ತವನ್ನು ಮೊಟಕುಗೊಳಿಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮನೆಯ ಮಾರುಕಟ್ಟೆ ಬೆಲೆಗೆ ವಿಮೆ ಮಾಡಿಸಿದ್ದವರು ನಿಜಕ್ಕೂ ಇಳಿಸಬಹುದು, ಏಕೆಂದರೆ ಆ ಬೆಲೆಯಲ್ಲಿ ನಿವೇಶನದ ಮೌಲ್ಯವೂ ಸೇರಿರುತ್ತದೆ. ಬೆಂಕಿ ಬಿದ್ದರೆ ಮನೆ ಸುಡುತ್ತದೆಯೇ ಹೊರತು ನೆಲ ಸುಡುವುದಿಲ್ಲ. ಆದರೆ ಅವಶೇಷಗಳನ್ನು ತೆರವುಗೊಳಿಸುವುದು, ವಾಸ್ತುಶಿಲ್ಪಿಯ ಶುಲ್ಕ, ಕೂಲಿ, ಸಾಮಗ್ರಿ ಎಲ್ಲವನ್ನೂ ಸೇರಿಸಿ ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕಿಂತ ಕೆಳಗೆ ಇಳಿದರೆ, ಅನೇಕ ಪಾಲಿಸಿಗಳಲ್ಲಿ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಕಾದಿರುತ್ತದೆ. ಮರುನಿರ್ಮಾಣಕ್ಕೆ 100 ಬೇಕಾದ ಮನೆಗೆ 60ಕ್ಕೆ ಮಾತ್ರ ವಿಮೆಯಿದ್ದು 20ರಷ್ಟು ಹಾನಿಯಾದರೆ, ಕೈಗೆ ಬರುವುದು 20 ಅಲ್ಲ, 12. ಭಾಗಶಃ ಹಾನಿಯಲ್ಲೂ ಈ ಕಡಿತ ಅನ್ವಯಿಸುತ್ತದೆ ಎಂಬುದು ಬಹುತೇಕರಿಗೆ ಗೊತ್ತಾಗುವುದು ಹಾನಿಯನ್ನು ಅಳೆಯುವ ಸರ್ವೇಯರ್ ವರದಿ ಬಂದ ಮೇಲೆಯೇ. ಸಂಸ್ಥೆ ನನ್ನ ಮೊತ್ತವನ್ನು ಏರಿಸಿದ್ದು ಸರಿಯಾಗಿಯೇ ಇತ್ತೆಂದು ಕಂಡುಬಂದದ್ದರಿಂದ ಅದನ್ನು ನಾನು ಮುಟ್ಟಲಿಲ್ಲ.

ಇನ್ನು ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲಿಗೆ ನಾವೇ ಭರಿಸಬೇಕಾದ ಪಾಲು. ಇದನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆಂದು ಪ್ರತಿನಿಧಿ ತಾವಾಗಿಯೇ ಹೇಳಿದರು. ಎರಡು ಮೂರು ಹಂತಗಳಿಗೆ ಪ್ರತ್ಯೇಕ ಲೆಕ್ಕವನ್ನೂ ಕಳುಹಿಸಿಕೊಟ್ಟರು. ಈ ಸೇವೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಆ ಹೋಲಿಕೆಯ ಪಟ್ಟಿ. ಮೊದಲ ಹಂತದ ಏರಿಕೆಗೆ ಸಾಕಷ್ಟು ಉಳಿತಾಯವಿತ್ತು. ಮುಂದಿನ ಹಂತಗಳಲ್ಲಿ ಉಳಿತಾಯ ಅಲ್ಪ, ಹೊರೆ ಬಹಳ. ಸಣ್ಣಪುಟ್ಟ ಹಾನಿಗೆ ಕ್ಲೇಮು ಹಾಕಿದರೆ ಮುಂದಿನ ವರ್ಷಗಳ ದರಕ್ಕೆ ಪೆಟ್ಟು ಬೀಳುವುದರಿಂದ, ಅಂಥವನ್ನು ಹೇಗೂ ಸ್ವಂತ ಖರ್ಚಿನಲ್ಲೇ ಸರಿಪಡಿಸಿಕೊಳ್ಳುವವರಿಗೆ ಕಡಿಮೆ ಡಿಡಕ್ಟಿಬಲ್‌ಗೆಂದು ತೆರುವ ಹೆಚ್ಚಿನ ಹಣ ವ್ಯರ್ಥ. ಅವಘಡದ ಮರುದಿನವೇ ಸಾಲವಿಲ್ಲದೆ ಹೊಂದಿಸಬಲ್ಲಷ್ಟಕ್ಕೆ ಅದನ್ನು ನಿಲ್ಲಿಸಿಕೊಂಡೆ. ಕೆಲವು ಪಾಲಿಸಿಗಳಲ್ಲಿ ಬಿರುಗಾಳಿಯ ಹಾನಿಗೆ ಡಿಡಕ್ಟಿಬಲ್ ಶೇಕಡಾವಾರು ಇರುತ್ತದೆ. ಅದು ಆದ ನಷ್ಟದ ಶೇಕಡಾ 2 ಅಲ್ಲ, ಒಟ್ಟು ವಿಮಾ ಮೊತ್ತದ ಶೇಕಡಾ 2 ಎಂದಿದ್ದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿಯೇ ಸಹಿ ಮಾಡುವುದು ಲೇಸು.

ಈ ಸಂಸ್ಥೆಯ ಬಗ್ಗೆ ನನ್ನ ಅಂಕ ಕುಸಿದದ್ದು ಮುಂದಿನ ಸಂಗತಿಯಿಂದ. ಪಾಲಿಸಿಯ ಒಳಪುಟದ ಪುಟ್ಟ ಕೋಷ್ಟಕದಲ್ಲಿ, ಚಾವಣಿಯ ಹಾನಿಗೆ ಇದುವರೆಗೆ ಇದ್ದ ‘ಹೊಸದಾಗಿ ಹಾಕಿಸುವ ಪೂರ್ಣ ವೆಚ್ಚ’ ಎಂಬುದರ ಜಾಗದಲ್ಲಿ ‘ಸವಕಳಿ ಕಳೆದು ಉಳಿದ ಮೌಲ್ಯ’ ಎಂದು ಬಂದಿತ್ತು. ಹಳೆಯ ಚಾವಣಿಯಿರುವ ಮನೆಗೆ ಈ ಒಂದು ಬದಲಾವಣೆಯ ಬೆಲೆ ಪ್ರೀಮಿಯಂ ಏರಿಕೆಯನ್ನೂ ಮೀರಬಹುದು. ಹೆಚ್ಚು ಹಣ ಪಡೆದು ಕಡಿಮೆ ರಕ್ಷಣೆ ಕೊಡುವಾಗ ಅದನ್ನು ಪತ್ರದ ಮೊದಲ ಪುಟದಲ್ಲಿ ಹೇಳುವುದು ಕನಿಷ್ಠ ಮರ್ಯಾದೆ. ವಿಚಾರಿಸಿದಾಗ, ಹೆಚ್ಚುವರಿ ಮೊತ್ತ ಕಟ್ಟಿದರೆ ಹಳೆಯ ಷರತ್ತನ್ನೇ ಮರಳಿ ಪಡೆಯಬಹುದೆಂದರು. ಪಡೆದೆ; ಮನಸ್ಸಿಲ್ಲದ ಮನಸ್ಸಿನಿಂದ.

ಬೇರೆಡೆಗೆ ಹೋಗಬಾರದಿತ್ತೇ ಎಂದು ಕೇಳಬಹುದು. ಹೋಲಿಕೆ ಜಾಲತಾಣದಲ್ಲಿ ಸಿಕ್ಕ ಅತಿ ಕಡಿಮೆ ದರದ ಪಾಲಿಸಿಯಲ್ಲಿ ನೀರಿನ ಕೊಳವೆ ಒಡೆದು ಆಗುವ ಹಾನಿಗೆ ಕಡಿಮೆ ಮಿತಿಯಿತ್ತು, ತಾತ್ಕಾಲಿಕ ಬಾಡಿಗೆ ಮನೆಯ ವೆಚ್ಚವೇ ಸೇರಿರಲಿಲ್ಲ. ಸ್ವತಂತ್ರ ಬ್ರೋಕರ್ ಒಬ್ಬರು ಸಮಾನ ಷರತ್ತುಗಳ ಮೇಲೆ ತರಿಸಿಕೊಟ್ಟ ದರಪಟ್ಟಿಗಳಲ್ಲಿ ಒಂದು ಮಾತ್ರ ನನ್ನದಕ್ಕಿಂತ ತುಸು ಅಗ್ಗವಾಗಿತ್ತು, ಅದೂ ಮೊದಲ ವರ್ಷದ ಪ್ರವೇಶ ರಿಯಾಯಿತಿಯಿಂದ. ಅದನ್ನು ತೋರಿಸಿದಾಗ ನನ್ನ ಸಂಸ್ಥೆ ಸ್ವಲ್ಪ ಇಳಿಯಿತು. ಕೇಳುವವರೆಗೆ ಕೊಡದ ರಿಯಾಯಿತಿಯನ್ನು ಔದಾರ್ಯವೆಂದು ಕರೆಯಲು ನಾನು ಸಿದ್ಧನಿಲ್ಲ, ಆದರೂ ಅದರಿಂದ ಉಳಿದದ್ದು ಉಳಿಯಿತು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ದರ ನಿಗದಿ ವಿಭಾಗದ ಲಿಖಿತ ಉತ್ತರಕ್ಕೂ ಡಿಡಕ್ಟಿಬಲ್ ಪಟ್ಟಿಗೂ ಪೂರ್ಣ ಮೆಚ್ಚುಗೆಯಿದೆ. ಚಾವಣಿಯ ಷರತ್ತು ಎರಡು ಅಂಕಗಳನ್ನು ನುಂಗಿತು. ಹಳೆಯ ಪಾಲಿಸಿಯನ್ನು ಓದಿ ಹೋಲಿಸುವ ತಾಳ್ಮೆಯಿರುವವರಿಗೆ ಈ ಸಂಸ್ಥೆ ಒಗ್ಗುತ್ತದೆ, ಪತ್ರ ಬಂದೊಡನೆ ಹಣ ಕಟ್ಟಿ ಮರೆಯುವವರಿಗೆ ಒಗ್ಗುವುದಿಲ್ಲ. ಇಲ್ಲಿ ಸ್ವಯಂಚಾಲಿತ ನವೀಕರಣವು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ; ಅದನ್ನು ನಿಲ್ಲಿಸುವ ಆಯ್ಕೆ ಖಾತೆಯ ಪುಟದಲ್ಲಿ ಪಾವತಿ ವಿಧಾನದ ಕೆಳಗೆ ಇದೆ. ಬೇರೆ ಸಂಸ್ಥೆಗೆ ಹೋಗುವವರು ಹೊಸ ಪಾಲಿಸಿ ಇಂಥ ದಿನದಿಂದ ಜಾರಿ ಎಂಬ ಲಿಖಿತ ದೃಢೀಕರಣ ಕೈಸೇರಿದ ಮೇಲೆಯೇ ಅದನ್ನು ನಿಲ್ಲಿಸಲಿ, ಏಕೆಂದರೆ ಮನೆಯ ಮೇಲೆ ಸಾಲವಿದ್ದರೆ ನಡುವೆ ಒಂದೇ ದಿನ ವಿಮೆ ತಪ್ಪಿದರೂ ಸಾಲದ ಕರಾರನ್ನು ಮುರಿದಂತಾಗಬಹುದು.