ಮೂರು ಹಂಗಾಮು ಬಾಯಲ್ಲಿಟ್ಟುಕೊಂಡು ಮಲಗಿದ ನೈಟ್ ಗಾರ್ಡ್

2022ರ ಮಾರ್ಚ್. ಶೆಡ್ಡಿನ ನೆರಳಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಎಡಗಡೆ ದವಡೆಯಲ್ಲಿ ರೊಟ್ಟಿ ಕಡಿದೆ, ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಕಚ್ಚುವಾಗ ಅಲ್ಲ, ಕಚ್ಚಿ ಬಿಡುವಾಗ. ಕೈಯಲ್ಲಿದ್ದ ರೊಟ್ಟಿಯನ್ನು ಮೊಸರಲ್ಲಿ ನೆನೆಸಿಕೊಂಡು ತಿಂದು ಎದ್ದೆ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ನಾಲ್ಕು ಎಕರೆ ದ್ರಾಕ್ಷಿ ಇದೆ, ಅಷ್ಟನ್ನೂ ಒಣಗಿಸಿ ಮಣೂಕ ಮಾಡುತ್ತೇವೆ. ಅಕ್ಟೋಬರಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿಯಿಂದ ಹಿಡಿದು ಮಣೂಕ ಬಾಕ್ಸಿಗೆ ಬೀಳುವ ತನಕ ತಲೆ ತುಂಬಾ ಅದೇ. ಹಣ್ಣು ರ್‍ಯಾಕಿನ ಮೇಲೆ ಹಾಕಿದ ಮೇಲಿನ ಹದಿನೈದು ಇಪ್ಪತ್ತು ದಿನವಂತೂ ಕೇಳಲೇಬೇಡಿ. ಆಗ ಒಂದು ಜೋರು ಮಳೆ ಬಂದರೆ ಮಾಲು ಕಪ್ಪಾಗುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಇದು ನೈಟ್ ಗಾರ್ಡಿನ, ಅಂದರೆ ರಾತ್ರಿ ಮಲಗುವಾಗ ಹಲ್ಲು ಸವೆಯದಂಗೆ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚದ ವಿಮರ್ಶೆ. ಇದರಲ್ಲಿ ದ್ರಾಕ್ಷಿ ಯಾಕೆ ಅನ್ನಬೇಡಿ. ನನ್ನ ಹಲ್ಲು ಸೀಳಿದ್ದು ರೊಟ್ಟಿಯಿಂದಲ್ಲ, ಈ ಚಿಂತೆಯಿಂದ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಮೊದಲು ಹೋದ ಕಡೆ ಎಕ್ಸ್‌ರೇ ತೆಗೆದರು. ಹುಳುಕಿಲ್ಲ ಅಂದರು, ಜುಮ್ಮೆನ್ನುವ ಹಲ್ಲಿಗೆ ಅಂತ ಒಂದು ಪೇಸ್ಟ್ ಬರೆದುಕೊಟ್ಟು ಕಳಿಸಿದರು. ಎರಡು ತಿಂಗಳು ಉಜ್ಜಿದೆ, ನೋವು ಹಂಗೇ ಇತ್ತು. ಸಣ್ಣ ಸೀಳು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ ಅನ್ನೋದು ಆಮೇಲೆ ತಿಳಿಯಿತು.

ವಿಜಯಪುರದಲ್ಲೇ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಹಲ್ಲು ನೋಡುವ ಮೊದಲು ಕೇಳಿದ್ದು, "ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತಾ? ಕಣತಲೆ ನೋಯುತ್ತಾ?" ಎರಡೂ ಹೌದು. ನಾನು ಅದನ್ನು ಬಿಸಿಲಿಗೆ ಬರುವ ತಲೆನೋವು ಅಂದುಕೊಂಡಿದ್ದೆ. ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಕೋರೆಹಲ್ಲಿನ ತುದಿ ಅರ ಹಾಕಿ ಉಜ್ಜಿದಂಗೆ ಚಪ್ಪಟೆ. ಕೆನ್ನೆಯ ಒಳಗೆ ಹಲ್ಲು ಕೂಡುವ ಜಾಗದಲ್ಲಿ ಉದ್ದಕ್ಕೂ ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ನಲವತ್ತೆರಡು ವರ್ಷ ದಿನಾ ಕನ್ನಡಿ ನೋಡಿಕೊಂಡಿದ್ದೇನೆ, ಒಂದನ್ನೂ ಗಮನಿಸಿರಲಿಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ನಿದ್ದ್ಯಾಗ ಕರ್ ಕರ್ ಅಂತ ಹಲ್ಲ ಕಡೀತೀರಿ. ಹಂಗಾಮ ಬಂತಂದ್ರ ನನಗ ನಿದ್ದಿನ ಬರಂಗಿಲ್ಲ" ಅಂದಳು. ಅವ್ವ ಹೊಟ್ಟೆಯಲ್ಲಿ ಜಂತು ಇರಬೇಕು ಅಂದಳು. ನಮ್ಮ ಕಡೆ ಮಕ್ಕಳು ಹಲ್ಲು ಕಡಿದರೆ ಎಲ್ಲರೂ ಹೇಳೋದು ಅದನ್ನೇ. ಡಾಕ್ಟರ್ ಹೇಳಿದ್ದು ಬೇರೆ. ಮನಸ್ಸಿನ ಮೇಲೆ ಒತ್ತಡ ಜಾಸ್ತಿ ಆದಾಗ ದವಡೆಯ ಸ್ನಾಯು ಬಿಗಿಯುತ್ತದೆ. ಹಗಲಲ್ಲಿ ನಮಗೆ ತಿಳಿಯದಂಗೆ ಹಲ್ಲು ಕಚ್ಚಿ ಹಿಡಿದಿರುತ್ತೇವೆ. ರಾತ್ರಿ ನಿದ್ದೆ ತೆಳುವಾದ ಹೊತ್ತಲ್ಲಿ ಕಡಿಯುತ್ತೇವೆ. ಎಚ್ಚರ ಇದ್ದಾಗ ನೋವಾದರೆ ಬಾಯಿ ತಾನಾಗಿ ಸಡಿಲ ಆಗುತ್ತದೆ, ನಿದ್ದೆಯಲ್ಲಿ ಆ ತಡೆ ಇರಲ್ಲ. ಊಟಕ್ಕಿಂತ ಎಷ್ಟೋ ಜಾಸ್ತಿ ಬಲ ಬೀಳಬಹುದು. ಹಲ್ಲಿನ ಮೇಲಿನ ಎನಾಮಲ್ ಮೈಯಲ್ಲೇ ಅತಿ ಗಟ್ಟಿ ವಸ್ತು, ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯಲ್ಲ. ಈ ಮಾತು ನನ್ನ ಎದೆಗೆ ತಾಗಿತು. ಬಳ್ಳಿ ಕತ್ತರಿಸಿದರೆ ಚಿಗುರುತ್ತದೆ, ಇದು ಚಿಗುರಲ್ಲ.

ಸೀಳಿದ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡೆ. ಉಳಿದ ಹಲ್ಲು ಉಳಿಯಬೇಕು ಅಂದರೆ ನೈಟ್ ಗಾರ್ಡ್ ಬೇಕು, 4,000 ರೂಪಾಯಿ ಅಂದರು. ಆಗ ಜಾಸ್ತಿ ಅನಿಸಿತು. ಆನ್‌ಲೈನಲ್ಲಿ 600 ರೂಪಾಯಿಯದು ತರಿಸಿದೆ. ಬಿಸಿನೀರಲ್ಲಿ ಅದ್ದಿ ಬಾಯಲ್ಲಿ ಕಚ್ಚಿ ಆಕಾರ ಮಾಡಿಕೊಳ್ಳುವಂಥದ್ದು. ರಬ್ಬರಿನಂಗೆ ಮೆತ್ತಗೆ, ದಪ್ಪ. ಅದನ್ನು ಹಾಕಿಕೊಂಡರೆ ಅಗಿಯಬೇಕು ಅನಿಸುತ್ತಿತ್ತು, ಬೆಳಿಗ್ಗೆ ದವಡೆ ಇನ್ನೂ ಜಾಸ್ತಿ ದಣಿದಿರುತ್ತಿತ್ತು. ನಾಲ್ಕನೇ ತಿಂಗಳಿಗೆ ಹಿಂದಿನ ಹಲ್ಲಿನ ಜಾಗದಲ್ಲಿ ತೂತು ಬಿತ್ತು. ಮೆತ್ತನೆಯದು ಕೆಲವರಿಗೆ ಒಗ್ಗುತ್ತಂತೆ, ಜೋರಾಗಿ ಕಡಿಯುವವರಿಗೆ ಅಲ್ಲ.

ಸೆಪ್ಟೆಂಬರಲ್ಲಿ, ಚಾಟ್ನಿಗೆ ಮೊದಲು, ಅಳತೆ ಕೊಟ್ಟು ಗಟ್ಟಿ ಅಕ್ರಿಲಿಕ್ ಗಾರ್ಡ್ ಮಾಡಿಸಿದೆ. ಟ್ರೇಯಲ್ಲಿ ತಣ್ಣನೆ ಹಿಟ್ಟಿನಂಥದ್ದು ತುಂಬಿ ಬಾಯಲ್ಲಿ ಒತ್ತಿ ಹಿಡಿಯುತ್ತಾರೆ, ಎರಡು ಮೂರು ನಿಮಿಷ. ಆ ಅಚ್ಚಿನಿಂದ ಲ್ಯಾಬಲ್ಲಿ ಮಾಡಿ ತರಿಸುತ್ತಾರೆ. ಹಾಕಿದ ದಿನ ನೀಲಿ ಕಾಗದ ಕಚ್ಚಿಸಿ, ಎಲ್ಲಿ ಬಣ್ಣ ಜಾಸ್ತಿ ಹತ್ತುತ್ತೋ ಅಲ್ಲಿ ಉಜ್ಜಿ, ಮತ್ತೆ ಕಚ್ಚಿಸಿ, ಹಿಂಗೆ ಅರ್ಧ ತಾಸು ಮಾಡಿದರು. ಎರಡೂ ಕಡೆ ಒಂದೇ ಸಮ ಕೂರುವ ತನಕ ಬಿಡಲಿಲ್ಲ. ನೀವು ಕೊಡುವ ದುಡ್ಡು ಈ ಅರ್ಧ ತಾಸಿಗೆ. ಇದನ್ನು ಮಾಡದೆ ಸುಮ್ನೆ ಕೈಗೆ ಕೊಟ್ಟು ಕಳಿಸಿದರೆ ತಗೋಬೇಡಿ.

ಮೊದಲ ವಾರ ಕಷ್ಟ. ಜೊಲ್ಲು ಸುರಿದು ದಿಂಬು ಒದ್ದೆ, ಮಾತು ತೊದಲು. ಮೂರನೇ ರಾತ್ರಿ ನಿದ್ದೆಯಲ್ಲೇ ತೆಗೆದು ಎಸೆದಿದ್ದೆ, ಬೆಳಿಗ್ಗೆ ಕೌದಿ ಕೊಡವಿದಾಗ ಸಿಕ್ಕಿತು. ಹದಿನೈದು ದಿನಕ್ಕೆ ರೂಢಿ ಆಯಿತು. ತಿಂಗಳೊಳಗೆ ಬೆಳಗಿನ ತಲೆನೋವು ಕಮ್ಮಿ ಆಯಿತು. ಇಷ್ಟು ವರ್ಷದಲ್ಲಿ ಇನ್ನೊಂದು ಹಲ್ಲು ಸೀಳಿಲ್ಲ.

ತೊಳೆಯೋದು ತಣ್ಣೀರು, ಮೆತ್ತನೆ ಬ್ರಷ್, ಒಂದು ಹನಿ ಸೋಪು. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಬಿಸಿನೀರಿಗೆ ಆಕಾರ ಕೆಡುತ್ತದೆ. ಗಾಳಿ ಆಡುವ ಡಬ್ಬಿಯಲ್ಲಿ ಇಡಬೇಕು, ಇಲ್ಲದಿದ್ದರೆ ವಾಸನೆ. ನಮ್ಮ ಬೋರಿನ ಗಡಸು ನೀರಿಗೆ ಬಿಳಿ ಪೊರೆ ಕಟ್ಟುತ್ತಿತ್ತು, ಈಗ ಕುಡಿಯುವ ನೀರಲ್ಲೇ ತೊಳೆಯುತ್ತೇನೆ.

ಈಗ ಮುಖ್ಯ ಮಾತು. ಗಾರ್ಡ್ ಹಲ್ಲು ಕಡಿಯೋದನ್ನು ನಿಲ್ಲಿಸಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ. ನನ್ನದನ್ನು ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತದೆ. ಜೂನ್, ಜುಲೈ, ಆಗಸ್ಟಲ್ಲಿ ಹೊಸ ಗೀರು ಹೆಚ್ಚು ಕಡಿಮೆ ಇಲ್ಲ. ಫೆಬ್ರುವರಿ, ಮಾರ್ಚಲ್ಲಿ ಎಡಗಡೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಂಡಿ. ಸೊಸೈಟಿ ಸಾಲದ ಕಂತು, ಮೋಡ, ಮಣೂಕದ ರೇಟು ಎಲ್ಲ ಅದರ ಮೇಲೆ ಬರೆದುಕೊಂಡಿದೆ. ಅದನ್ನು ನೋಡಿದ ಮೇಲೇ ನಾನು ಹಗಲಿನ ಬಗ್ಗೆ ಯೋಚನೆ ಮಾಡಿದ್ದು.

ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ ಅಂತ ಡಾಕ್ಟರ್ ಹೇಳಿದ್ದರು. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು. ಟ್ರ್ಯಾಕ್ಟರ್ ಸ್ಟೇರಿಂಗಿಗೆ, ಮೊಬೈಲ್ ಹಿಂದೆ ಒಂದೊಂದು ಕೆಂಪು ಸ್ಟಿಕ್ಕರ್ ಅಂಟಿಸಿದೆ. ಕಂಡಾಗೆಲ್ಲ ದವಡೆ ಸಡಿಲ ಬಿಡೋದು. ಮೊದಲ ದಿನ ನೋಡಿದಷ್ಟು ಸಲವೂ ಹಲ್ಲು ಕಚ್ಚಿಕೊಂಡೇ ಇದ್ದೆ, ಅದರಲ್ಲೂ ಮೊಬೈಲಲ್ಲಿ ಹವಾಮಾನ ನೋಡುವಾಗ. ಸಂಜೆ ಐದರ ಮೇಲೆ ಚಹಾ ಬಿಟ್ಟೆ. ಗುಟ್ಕಾ ಬಿಡಲು ಒಂದು ವರ್ಷ ಬೇಕಾಯಿತು, ಬಿಟ್ಟಿದ್ದೇನೆ. ಚಿಂತೆ ಹೆಚ್ಚಾದಾಗ ನನಗೆ ಬಾಯಿ ಒಣಗುತ್ತಿತ್ತು, ಹುಣ್ಣು ಏಳುತ್ತಿತ್ತು. ಎಂಜಲು ಕಮ್ಮಿ ಆದರೆ ಹುಳುಕು ಬೇಗ ಹಿಡಿಯುತ್ತದೆ. ಇದಕ್ಕೆ ಗಾರ್ಡ್ ಏನೂ ಮಾಡಲ್ಲ. ನೀರಿನ ಬಾಟಲಿ ಜೊತೆಗೇ ಇಟ್ಟುಕೊಳ್ಳುತ್ತೇನೆ.

ಜೋರು ಗೊರಕೆ ಇರುವವರು, ಹಗಲೆಲ್ಲ ತೂಕಡಿಸುವವರು ಗಾರ್ಡ್ ಮಾಡಿಸುವ ಮುಂಚೆ ಅದನ್ನು ಡಾಕ್ಟರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೂ ಕೆಲವರು ಹಲ್ಲು ಕಡಿಯುತ್ತಾರೆ, ಆಗ ಮೊದಲು ನೋಡಬೇಕಾದ್ದು ಅದನ್ನು. ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆಗಳಿಂದಲೂ ಆಗುತ್ತದೆ, ಆದರೆ ಅದಕ್ಕಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಹಂಗಾಮಿನ ಕೊನೆಗೆ ಎಡಗಡೆಯ ಗುಂಡಿ ತೀರಾ ತೆಳುವಾಗಿ ಕೂದಲಿನಂಥ ಬಿರುಕು ಬಿಟ್ಟಿದೆ. ಈ ಸಲವೂ ಚಾಟ್ನಿಗೆ ಮೊದಲು ಹೊಸದಕ್ಕೆ ಅಳತೆ ಕೊಡಬೇಕು. ಹಳೆಯದನ್ನು ಬಿಸಾಕಬೇಡಿ, ಜೊತೆಗೆ ತನ್ನಿ, ಗುರುತು ನೋಡಬೇಕು ಅಂದಿದ್ದಾರೆ ಡಾಕ್ಟರ್. ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.